ತಪ್ಪಿತಸ್ಥರಿಲ್ಲದ ಗಾಳಿ

ಬಾವಿಯ ನೀರು ಕೆಟ್ಟರೆ, ಹೊಲದ ಒಡ್ಡು ಒಡೆದರೆ, ಮದುವೆಯಲ್ಲಿ ಉಂಡವರಿಗೆ ವಾಂತಿಯಾದರೆ ನಾವು ಮೊದಲು ಕೇಳುವುದು, ಇದನ್ನು ಮಾಡಿದವರು ಯಾರು ಅಂತ. ಒಬ್ಬ ತಪ್ಪಿತಸ್ಥ ಸಿಗುವವರೆಗೆ ಸಮಾಧಾನವಿಲ್ಲ. ಸಿಕ್ಕನೆಂದರೆ ಅರ್ಧ ಪರಿಹಾರವೇ ಸಿಕ್ಕ ಹಾಗೆ. ನೀತಿಯ ಬಗ್ಗೆ ನಾವಾಡುವ ಮಾತು ಬಹುಪಾಲು ಈ ರೂಢಿಯ ಮೇಲೇ ನಿಂತಿದೆ. ರೇಡಾನ್ ಎಂಬ ಅನಿಲ ಮಾತ್ರ ಈ ರೂಢಿಗೆ ದಕ್ಕುವುದಿಲ್ಲ. ಅದನ್ನು ಯಾರೂ ಮಾಡಿದ್ದಲ್ಲ.

ಕಲ್ಲು ಮಣ್ಣಿನಲ್ಲಿ ಅಷ್ಟೋ ಇಷ್ಟೋ ಯುರೇನಿಯಂ ಎಲ್ಲ ಕಡೆಯೂ ಇರುತ್ತದೆ. ಅದು ನಿಧಾನವಾಗಿ ಕ್ಷಯಿಸುತ್ತ ರೇಡಿಯಂ ಆಗುತ್ತದೆ, ರೇಡಿಯಂ ಕ್ಷಯಿಸಿ ರೇಡಾನ್ ಆಗುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. 3.8 ದಿನಕ್ಕೆ ಅರ್ಧದಷ್ಟು ಕರಗಿಹೋಗುತ್ತದೆ, ಆದರೆ ನೆಲ ಅಷ್ಟರಲ್ಲಿ ಹೊಸದನ್ನು ಕಳಿಸಿರುತ್ತದೆ. ಬಯಲಿನಲ್ಲಾದರೆ ಗಾಳಿಗೆ ಬೆರೆತು ಚದುರಿಹೋಗುತ್ತದೆ. ಮನೆಯ ನೆಲದ ಬಿರುಕಿನಿಂದ, ಪೈಪು ಹಾದುಹೋದ ಸಂದಿನಿಂದ ಒಳಗೆ ಬಂದದ್ದು, ಕಿಟಕಿ ಬಾಗಿಲು ಮುಚ್ಚಿದ್ದರೆ ಅಲ್ಲೇ ತುಂಬಿಕೊಳ್ಳುತ್ತದೆ. ಅದರಿಂದ ಹುಟ್ಟುವ ಕಣಗಳು ಉಸಿರಿನೊಂದಿಗೆ ಹೋಗಿ ಶ್ವಾಸಕೋಶಕ್ಕೆ ಅಂಟುತ್ತವೆ. ಇದು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಹೇಳಿದೆ. ಒಂದು ಘನ ಮೀಟರ್ ಗಾಳಿಯಲ್ಲಿ ಸೆಕೆಂಡಿಗೆ ಎಷ್ಟು ಪರಮಾಣು ಒಡೆಯುತ್ತವೆ ಎನ್ನುವುದು ಇದರ ಅಳತೆ, ಅದರ ಹೆಸರು ಬೆಕೆರೆಲ್. ಮನೆಯೊಳಗೆ 100 ಬೆಕೆರೆಲ್ ಒಳಗಿರಲಿ, ಆಗದಿದ್ದರೆ 300 ದಾಟದಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಸಲಹೆ ಕೊಟ್ಟಿತು.

ನಾನು ಈ ಹೆಸರನ್ನು ಮೊದಲು ಕೇಳಿದ್ದು ಪೆನ್ಸಿಲ್ವೇನಿಯಾದಲ್ಲಿ ಮನೆ ಕೊಂಡ ಅಕ್ಕನ ಬಾಯಲ್ಲಿ, ನಮ್ಮ ದೊಡ್ಡಪ್ಪನ ಮಗಳು. ಅಲ್ಲಿ ಮನೆ ಕೊಳ್ಳುವಾಗ ಗೆದ್ದಲು ನೋಡಿದ ಹಾಗೆ ರೇಡಾನೂ ನೋಡುತ್ತಾರಂತೆ. ಇದ್ದಿಲು ತುಂಬಿದ ಸಣ್ಣ ಡಬ್ಬಿಯನ್ನು ನೆಲಮಾಳಿಗೆಯಲ್ಲಿ ಎರಡು ದಿನ ಇಟ್ಟು ಪ್ರಯೋಗಾಲಯಕ್ಕೆ ಕಳಿಸಿದಳು. ಮಿತಿಗಿಂತ ಹೆಚ್ಚು ಬಂತು. ನೆಲದಡಿಯಿಂದ ಒಂದು ಪೈಪು ಎಬ್ಬಿಸಿ, ಫ್ಯಾನು ಕೂರಿಸಿ, ಮಣ್ಣಿನ ಗಾಳಿಯನ್ನು ಸೂರಿನ ಮೇಲಕ್ಕೆ ಎಳೆದು ಬಿಡುವ ವ್ಯವಸ್ಥೆ ಮಾಡಿಸಿದಳು. ಸಾವಿರ ಡಾಲರಿಗೂ ಮೇಲೆ ಖರ್ಚು. ಈ ಪರೀಕ್ಷೆ ಅಲ್ಲಿ ಮನೆಮಾತಾದದ್ದಕ್ಕೆ ಅದೇ ರಾಜ್ಯದ ಒಂದು ಘಟನೆ ಕಾರಣ. 1984ರ ಡಿಸೆಂಬರಿನಲ್ಲಿ ಸ್ಟ್ಯಾನ್ಲಿ ವಾಟ್ರಸ್ ಎಂಬ ಎಂಜಿನಿಯರ್, ಇನ್ನೂ ಕಟ್ಟಡದ ಹಂತದಲ್ಲಿದ್ದ ಲಿಮರಿಕ್ ಅಣುಸ್ಥಾವರಕ್ಕೆ ಕೆಲಸಕ್ಕೆ ಹೋದಾಗ ವಿಕಿರಣದ ಗಂಟೆ ಹೊಡೆದುಕೊಂಡಿತು. ಹುಡುಕಿದರೆ ಆತ ವಿಕಿರಣವನ್ನು ಹೊತ್ತು ತಂದಿದ್ದು ತನ್ನ ಮನೆಯಿಂದ! ಅಮೆರಿಕದವರು ಆಮೇಲೆ ಹಾಕಿಕೊಂಡ ಮಿತಿಯ ಆರುನೂರು ಪಟ್ಟಿಗೂ ಹೆಚ್ಚು ರೇಡಾನ್ ಅಲ್ಲಿತ್ತು.

ಅಕ್ಕ ಫೋನಿನಲ್ಲಿ ಕೇಳಿದಳು, "ಹುಮನಾಬಾದದಾಗ ಇದನ್ನ ಯಾರರ ನೋಡ್ಯಾರೇನು?"

ಬೀದರ ಜಿಲ್ಲೆಯ ನೆಲ ಈ ವಿಷಯದಲ್ಲಿ ಪುಣ್ಯವಂತ ನೆಲ ಎನ್ನಬೇಕು. ಬಸವಕಲ್ಯಾಣ, ಹುಮನಾಬಾದಗಳ ಕೆಳಗಿರುವುದು ದಖ್ಖನಿನ ಕಪ್ಪುಶಿಲೆ, ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾ. ಅದರ ಮೇಲೆ ಅಲ್ಲಲ್ಲಿ ಕೆಂಪು ಜಂಬಿಟ್ಟಿಗೆ ಕಲ್ಲಿನ ಹೊದಿಕೆ. ಕಪ್ಪುಶಿಲೆಯಲ್ಲಿ ಯುರೇನಿಯಂ ಗ್ರಾನೈಟಿನಲ್ಲಿ ಇರುವುದಕ್ಕಿಂತ ಬಹಳ ಕಡಿಮೆ. ನಮ್ಮ ಕಲ್ಯಾಣ ಕರ್ನಾಟಕದಲ್ಲೇ ದಕ್ಷಿಣಕ್ಕೆ ಇಳಿದರೆ, ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ಅದಿರೇ ಸಿಕ್ಕಿದೆ. ಗಣಿ ಬೇಡವೆಂದು ಅಲ್ಲಿಯ ಜನ ಹೋರಾಡಿದ್ದೂ ಗೊತ್ತಿರುವುದೇ. ಗ್ರಾನೈಟಿನ ಮೈಸೂರು ಸೀಮೆಯಲ್ಲಿ ವಿಶ್ವವಿದ್ಯಾನಿಲಯದ ಭೌತವಿಜ್ಞಾನಿಗಳು ಮನೆಗಳ ರೇಡಾನನ್ನು ವರ್ಷಗಟ್ಟಲೆ ಅಳೆದಿದ್ದಾರೆ. ನಮ್ಮ ಕಡೆ ಅಂಥ ಭಯ ಕಡಿಮೆ. ಆದರೆ ಕಲ್ಲೊಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ಮಣ್ಣು ಎಷ್ಟು ಸಡಿಲ, ನೆಲದಲ್ಲಿ ಎಷ್ಟು ಬಿರುಕು, ಮನೆಗೆ ಎಷ್ಟು ಗಾಳಿ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಬಸವಕಲ್ಯಾಣದಲ್ಲಿ ಅರಿವಿನ ಮನೆ ಎಂದು ಕರೆಯುವ ಗವಿಗಳಿವೆ. ನೆಲದೊಳಗಿನ ಇಂಥ ಜಾಗಗಳಲ್ಲಿ ರೇಡಾನ್ ಹೊರಗಿಗಿಂತ ಹೆಚ್ಚಿರುವುದು ಸಾಮಾನ್ಯ. ಹಾಗಂತ ಅಲ್ಲಿ ಅರ್ಧ ತಾಸು ಕೂತು ಬಂದವರಿಗೆ ಏನೂ ಆಗುವುದಿಲ್ಲ. ಈ ಅನಿಲದ ಲೆಕ್ಕ ವರ್ಷಗಳದ್ದು. ಎಲ್ಲಿ ನಿತ್ಯ ಮಲಗುತ್ತೇವೋ ಅಲ್ಲಿಯದು.

ನಾವು ಮಲಗುವ ಮನೆಗಳು ಬದಲಾಗಿವೆ. ಹಳೆಯ ಮನೆಗೆ ಮಣ್ಣಿನ ಮಾಳಿಗೆ, ಅದರಲ್ಲೊಂದು ಬೆಳಕಿಂಡಿ, ಹಗಲೆಲ್ಲ ತೆರೆದೇ ಇರುವ ತಲೆಬಾಗಿಲು. ನೆಲಕ್ಕೆ ಶಹಾಬಾದಿ ಫರಸಿ. ಫರಸಿಯ ಸಂದಿನಿಂದ ಏನು ಬಂದರೂ ಬೆಳಕಿಂಡಿಯಿಂದ ಹೋಗುತ್ತಿತ್ತು. ನಮ್ಮ ಕಾಕಾ ಹುಮನಾಬಾದದ ಹೊಸ ಬಡಾವಣೆಯಲ್ಲಿ ಕಟ್ಟಿಸಿದ ಮನೆಯ ಕೆಳಗಿನ ಭಾಗದಲ್ಲಿ ಎರಡು ಕೋಣೆ, ಕೂಲರ್ ಬೇಡವೆಂದು ಎಸಿ, ಅಲ್ಯೂಮಿನಿಯಂ ಚೌಕಟ್ಟಿನ ಬಿಗಿ ಕಿಟಕಿ. ಅಲ್ಲಿ ಬಾಡಿಗೆಗೆ ಇರುವವರು ಒಬ್ಬ ಶಿಕ್ಷಕಿ, ಅವರ ಗಂಡ, ಎರಡು ವರ್ಷದ ಮಗು.

ಇಲ್ಲಿ ನನಗೆ ಕ್ಲಿಫರ್ಡ್ ನೆನಪಾಗುತ್ತಾನೆ. ತತ್ವಶಾಸ್ತ್ರ ಓದುವವರಿಗೆ ಅವನ 1877ರ ಪ್ರಬಂಧದ ಹಡಗಿನ ಮಾಲೀಕ ಪರಿಚಿತ. ಹಡಗು ಹಳೆಯದು ಎಂಬ ಸಂಶಯ ಅವನಿಗಿತ್ತು. ಇಷ್ಟು ಸಲ ಹೋಗಿ ಬಂದಿದೆಯಲ್ಲ ಎಂದು ಸಂಶಯವನ್ನು ಅದುಮಿ, ಜನರನ್ನು ಹತ್ತಿಸಿ ಕಳಿಸಿದ. ಹಡಗು ಮುಳುಗಿತು. ಕ್ಲಿಫರ್ಡ್ ಹೇಳುವುದು, ಅದು ಮುಳುಗದೆ ದಡ ಸೇರಿದ್ದರೂ ಮಾಲೀಕನ ತಪ್ಪು ಇಷ್ಟೇ ಇರುತ್ತಿತ್ತು. ನಂಬುವ ಹಕ್ಕು ಅವನಿಗಿರಲಿಲ್ಲ. ಹಾಗಾದರೆ ನನ್ನಿಂದ ರೇಡಾನಿನ ಸುದ್ದಿ ಕೇಳಿದ ಮೇಲೂ ಅಳತೆ ಮಾಡಿಸದೆ ಬಾಡಿಗೆ ಎಣಿಸುವ ಕಾಕಾ ಹಡಗಿನ ಮಾಲೀಕನೇ?

ಅಲ್ಲ ಎಂದೇ ನನ್ನ ವಾದ, ಅದು ಕಾಕಾ ಎಂಬ ಮಮತೆಗಲ್ಲ. ಕ್ಲಿಫರ್ಡನ ಕತೆಯಲ್ಲಿ ಬಂದರಿನಲ್ಲಿ ಬಡಗಿಗಳಿದ್ದಾರೆ, ಕರೆದರೆ ಬಂದು ಹಲಗೆ ತಟ್ಟಿ ನೋಡುತ್ತಾರೆ. ಹುಮನಾಬಾದದಲ್ಲಿ ಯಾರನ್ನು ಕರೆಯುವುದು? ಔಷಧದ ಅಂಗಡಿಯಲ್ಲಿ ಸಕ್ಕರೆ ಕಾಯಿಲೆ ನೋಡುವ ಪಟ್ಟಿ ಸಿಗುತ್ತದೆ, ರೇಡಾನಿನ ಡಬ್ಬಿ ಸಿಗುವುದಿಲ್ಲ. ತಿಳಿದುಕೊಳ್ಳುವ ಹೊಣೆ ಹೊರಿಸಬೇಕಾದರೆ ತಿಳಿಯುವ ದಾರಿಯೂ ಇರಬೇಕು. ದಾರಿ ಕೊಡದೆ ಬರಿಯ ಸುದ್ದಿ ಕೊಟ್ಟವರು ತಮ್ಮ ತಲೆಯ ಹೊರೆಯನ್ನು ಇನ್ನೊಬ್ಬರ ತಲೆಗೆ ದಾಟಿಸಿರುತ್ತಾರೆ, ಅಷ್ಟೇ. ಅಮೆರಿಕದ ವ್ಯವಸ್ಥೆಯಲ್ಲೂ ನನಗೆ ಹಿಡಿಸದ ಅಂಶ ಇದೇ. ಡಬ್ಬಿ ಸಿಗುತ್ತದೆ ನಿಜ, ಆದರೆ ದುಡ್ಡಿದ್ದವಳು ಫ್ಯಾನು ಕೂರಿಸುತ್ತಾಳೆ, ಬಾಡಿಗೆ ಮನೆಯವಳು ಸಂಖ್ಯೆ ಹಿಡಿದುಕೊಂಡು ಕೂರುತ್ತಾಳೆ.

ಆದರೆ ಅಳೆಯದೆಯೂ ಮಾಡಬಹುದಾದ ಒಂದು ಕೆಲಸವಿದೆಯಲ್ಲ, ಬಿಟ್ಟಿಯಾಗಿ ಆಗುವಂಥದ್ದು. ನಾನು ಕಾಕಾಗೆ ಅದನ್ನೇ ಹೇಳಿದೆ: ನೆಲದ ಬಿರುಕಿಗೆ ಸಿಮೆಂಟು ಮೆತ್ತಿಸಿ, ರಾತ್ರಿ ಕಿಟಕಿ ತೆರೆದಿಡಲು ಅವರಿಗೆ ಹೇಳಿ. ಕಾಕಾ ನಕ್ಕರು. "ಖಿಡಕಿ ತೆರದ್ರ ನಾತ ಒಳಗ ಬರ್ತದ ನೋಡವ್ವಾ. ಅದಕ್ಕೇ ಬಿಗಿ ಖಿಡಕಿ ಹಾಕ್ಸೀನಿ."

ಊರ ಹೊರಗೆ ಕೈಗಾರಿಕಾ ಪ್ರದೇಶವಿದೆ. ರಾತ್ರಿ ಗಾಳಿ ಈ ಕಡೆ ತಿರುಗಿದರೆ ರಾಸಾಯನಿಕದ ನಾತ ಮೂಗಿಗೆ ಅಡರುತ್ತದೆ, ಮಕ್ಕಳು ಕೆಮ್ಮುತ್ತಾರೆ. ನಮ್ಮ ಬಡಾವಣೆಯವರು ಮನವಿ ಕೊಟ್ಟಿದ್ದಾರೆ. ಅದಕ್ಕೆ ತಪ್ಪಿತಸ್ಥರುಂಟು, ಆದ್ದರಿಂದ ಸಿಟ್ಟೂ ಉಂಟು. ಅಲ್ಲಿಯವರೆಗೆ ಕಿಟಕಿ ಮುಚ್ಚಿರುತ್ತದೆ. ಹೊರಗಿನ ಗೊತ್ತಿರುವ ಗಾಳಿಯನ್ನು ತಡೆಯಲು ಮುಚ್ಚಿದ ಕಿಟಕಿ ಒಳಗಿನ ಗೊತ್ತಿಲ್ಲದ ಗಾಳಿಯನ್ನು ಹಿಡಿದಿಡುತ್ತದೆ. ಹೀಗಾಗಿ ಯಾರೂ ಮಾಡದ ಅನಿಲಕ್ಕೂ ಒಬ್ಬ ಪಾಲುದಾರ ಹುಟ್ಟಿಕೊಂಡ. ನೆಲ ಕೊಟ್ಟದ್ದನ್ನು ಬಯಲಿಗೆ ಬಿಟ್ಟುಬಿಡುವುದೇ ಅತಿ ಅಗ್ಗದ ಪರಿಹಾರ, ಆ ಬಯಲು ಕೆಟ್ಟರೆ ಆ ಪರಿಹಾರವೂ ಹೋಯಿತು. ಮಾಲಿನ್ಯದ ಲೆಕ್ಕ ಹಾಕುವಾಗ ಚಿಮಣಿಯಿಂದ ಏನು ಬಂತು ಎಂದಷ್ಟೇ ಬರೆಯುತ್ತಾರೆ. ಅದರ ದೆಸೆಯಿಂದ ಎಷ್ಟು ಕಿಟಕಿ ಮುಚ್ಚಿದವು ಎಂಬ ಕಾಲಂ ಇರುವುದಿಲ್ಲ.

ಇಷ್ಟು ಹೇಳಿ ಭಯ ಹುಟ್ಟಿಸುವ ಇರಾದೆ ನನಗಿಲ್ಲ. 100 ಬೆಕೆರೆಲ್ ಏರಿದರೆ ಶ್ವಾಸಕೋಶದ ಕ್ಯಾನ್ಸರಿನ ಸಂಭವ ಸುಮಾರು ಶೇ. 16 ಏರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೆ ರೇಡಾನಿನಿಂದ ಬೀಡಿ, ಸಿಗರೇಟು ಸೇದುವವರಿಗಿರುವ ಅಪಾಯ ಸೇದದವರಿಗಿಂತ 25 ಪಟ್ಟು ಎಂದೂ ಅದೇ ಸಂಸ್ಥೆ ಅಂದಾಜಿಸಿದೆ. ಶಿಕ್ಷಕಿಯ ಗಂಡ ಸೇದುತ್ತಾರೆ. ಪೈಪು, ಫ್ಯಾನಿನ ಮಾತಿಗಿಂತ ಮೊದಲು ಆಡಬೇಕಾದ ಮಾತು ಅದು.

ಅಳತೆ ಮಾತ್ರ ಆಗಬೇಕು, ಅದೂ ಒಬ್ಬೊಬ್ಬರ ಖರ್ಚಿನಲ್ಲಿ ಅಲ್ಲ. ಅದು ದುಬಾರಿಯೂ ಅಲ್ಲ. ನಮ್ಮ ದೇಶದಲ್ಲಿ ಬಳಸುವುದು ಎಲ್ಆರ್-115 ಎಂಬ ಕೆಂಪು ಫಿಲ್ಮಿನ ತುಣುಕು. ಸಣ್ಣ ಡಬ್ಬಿಯೊಳಗಿಟ್ಟು ಸುಮಾರು ಮೂರು ತಿಂಗಳು ಕೋಣೆಯಲ್ಲಿ ತೂಗುಹಾಕುತ್ತಾರೆ. ಕಣ ಬಡಿದಲ್ಲೆಲ್ಲ ಕಣ್ಣಿಗೆ ಕಾಣದ ಗಾಯ. ಕಾಸ್ಟಿಕ್ ಸೋಡಾದಲ್ಲಿ ಅದ್ದಿದರೆ ಗಾಯ ತೂತಾಗುತ್ತದೆ, ತೂತುಗಳನ್ನು ಎಣಿಸುತ್ತಾರೆ. ಅಂಗನವಾಡಿ, ಹಾಸ್ಟೆಲು, ನೆಲಮಟ್ಟದ ಬಾಡಿಗೆ ಕೋಣೆಗಳಿಂದ ಶುರು ಮಾಡಬಹುದು. ಭೌತವಿಜ್ಞಾನದಲ್ಲಿ ಸಂಶೋಧನೆ ಮಾಡುವ ಗೆಳೆಯನೊಬ್ಬ ಒಂದಿಷ್ಟು ಫಿಲ್ಮು ಕೊಡಲು ಒಪ್ಪಿದ್ದಾನೆ. ಬಂದ ಸಂಖ್ಯೆ ಪ್ರಬಂಧದ ಕೋಷ್ಟಕಕ್ಕೆ ಸೇರುವ ಮೊದಲು ಮನೆಯವರಿಗೆ ಹೋಗಬೇಕು ಎನ್ನುವುದು ನನ್ನ ಷರತ್ತು. ಬೇಡ ಅನ್ನುವವರಿಗೆ ಹೇಳದಿರುವುದೂ ಅದರಲ್ಲೇ ಸೇರಿದೆ. ಮನೆಯವರು ಯಾರು ಎನ್ನುವುದನ್ನು ಶಿಕ್ಷಕಿಯೇ ಎತ್ತಿದರು. ಡಬ್ಬಿ ಇಡಲು ಕೇಳಿದಾಗ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡೇ ಹೇಳಿದರು, "ಇಡ್ರಿ. ಆದ್ರ ಮೊದಲ ನನಗ ಹೇಳ್ರಿ, ನಿಮ್ಮ ಕಾಕಾಗ ಆಮ್ಯಾಲ."