ಹಿಂದಿರುಗಿದ ದಾನ

ದಾನ ಮಾಡುವ ಮೊದಲು ಪಾತ್ರಾಪಾತ್ರ ವಿವೇಚನೆ ಮಾಡಬೇಕೆಂದು ನಮ್ಮ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ತೆಗೆದುಕೊಳ್ಳುವವನು ಯೋಗ್ಯನೇ ಎಂದು ಕೊಡುವವನು ನೋಡಬೇಕು. ರಕ್ತದಾನದಲ್ಲಿ ಮಾತ್ರ ಈ ನಿಯಮ ತಲೆಕೆಳಗಾಗಿದೆ. ಇಲ್ಲಿ ಪಡೆಯುವವನ ಯೋಗ್ಯತೆಯನ್ನು ಯಾರೂ ಕೇಳುವುದಿಲ್ಲ. ಪರೀಕ್ಷೆಗೆ ನಿಲ್ಲಬೇಕಾದವನು ಕೊಡುವವನು.

ನಾನು ಇದನ್ನು ಯೋಚಿಸುವಂತಾದದ್ದು ನೆರೆಮನೆಯ ಮಿತ್ರರೊಬ್ಬರಿಂದ. ನಲವತ್ತು ದಾಟಿದ ಸಾಧು ಮನುಷ್ಯರು. ಕಳೆದ ವರ್ಷ ನಮ್ಮ ಬಡಾವಣೆಯಲ್ಲಿ ನಡೆದ ಶಿಬಿರದಲ್ಲಿ ಜೀವಮಾನದಲ್ಲೇ ಮೊದಲ ಸಲ ರಕ್ತ ಕೊಟ್ಟು, ಪ್ರಮಾಣಪತ್ರವನ್ನು ಮಕ್ಕಳಿಗೆ ತೋರಿಸಿ ಹಿಗ್ಗಿದ್ದರು. ಕೆಲವು ದಿನಗಳ ಮೇಲೆ ರಕ್ತನಿಧಿಯಿಂದ ಕರೆ ಬಂತು: ಒಮ್ಮೆ ಬಂದುಹೋಗಿ. ಹೋದರು. ರಕ್ತದಲ್ಲಿ ಹೆಪಟೈಟಿಸ್ ಬಿ ಸೋಂಕು ಇರುವಂತೆ ಕಂಡಿದೆ ಎಂದರು. ಮರುಪರೀಕ್ಷೆಯೂ ಅದನ್ನೇ ಹೇಳಿತು.

ಅವರು ಅಲ್ಲಿ ಮೊದಲು ಕೇಳಿದ ಪ್ರಶ್ನೆ, "ನನ್ನ ರಕ್ತ ಯಾರ ಮೈಗೂ ಹೋಗಲಿಲ್ಲ ತಾನೆ?" ಎಂಬುದು. ಹೋಗಿರಲಿಲ್ಲ. ನಮ್ಮ ದೇಶದಲ್ಲಿ ದಾನವಾಗಿ ಬಂದ ಪ್ರತಿಯೊಂದು ಚೀಲ ರಕ್ತವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯ ಈ ಐದಕ್ಕೂ ಪರೀಕ್ಷಿಸಬೇಕೆಂಬುದು ಕಾನೂನು. ಅವರ ಚೀಲವನ್ನು ನಾಶಪಡಿಸಿದ್ದರು.

ಆ ಸಂಜೆ ನಮ್ಮಲ್ಲಿಗೆ ಬಂದು ಕುಳಿತರು. "ಒಳ್ಳೆಯದು ಮಾಡಲು ಹೋದವನಿಗೆ ಇದೇನು ಸ್ವಾಮಿ ಫಲ? ಹೋಗದೆ ಇದ್ದಿದ್ದರೆ ಗೊತ್ತೇ ಆಗುತ್ತಿರಲಿಲ್ಲ, ನೆಮ್ಮದಿಯಾಗಿರುತ್ತಿದ್ದೆ" ಎಂದರು. ನನ್ನಾಕೆ ಕಾಫಿ ತಂದಿಟ್ಟಳು. ಅವರು ಕುಡಿದಿಟ್ಟ ಲೋಟದ ಮೇಲೆ ನನ್ನ ಕಣ್ಣು ಒಂದು ಗಳಿಗೆ ನಿಂತಿತು. ಅದನ್ನು ಅವರೂ ಕಂಡರು. ಈ ಸೋಂಕು ಹರಡುವುದು ರಕ್ತದಿಂದ, ದೇಹಸಂಪರ್ಕದಿಂದ, ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ. ಲೋಟದಿಂದಲ್ಲ, ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದರಿಂದಲೂ ಅಲ್ಲ. ಇದು ನನಗೆ ತಿಳಿದಿತ್ತು. ತಿಳಿದೂ ಕಣ್ಣು ಅಲ್ಲಿ ನಿಂತಿತಲ್ಲ, ಅದು ನನ್ನ ಸೋಂಕು.

ಅವರು ಹೋದಮೇಲೆ ಅವರ ಮಾತು ನನ್ನನ್ನು ಬಿಡಲಿಲ್ಲ. ರಕ್ತವನ್ನು ಚೆಲ್ಲಿ ಸುಮ್ಮನಿದ್ದುಬಿಡಬಹುದಿತ್ತಲ್ಲವೆ? ರೋಗಿಗೆ ಅಪಾಯವಿಲ್ಲ, ದಾನಿಗೆ ದುಃಖವಿಲ್ಲ. ದಾನಿ ತುಂಬಿಕೊಡುವ ನಮೂನೆಯಲ್ಲಿಯೇ, ಪರೀಕ್ಷೆಯಲ್ಲಿ ದೋಷ ಕಂಡರೆ ತಮಗೆ ತಿಳಿಸಬೇಕೆ ಎಂಬ ಪ್ರಶ್ನೆ ಇರುತ್ತದೆ. ಮಿತ್ರರು ಅದನ್ನು ಓದದೆಯೇ 'ಹೌದು' ಎಂದು ಗುರುತು ಹಾಕಿದ್ದರಂತೆ.

ತಿಳಿಯದೆ ಇರುವ ಹಕ್ಕು ಮನುಷ್ಯನಿಗೆ ಉಂಟೆ? ಒಂಟಿಯಾಗಿ ಬದುಕುವವನಿಗೆ ಇದ್ದೀತು. ಆದರೆ ಈ ವೈರಸ್ಸು ಕಾಮಾಲೆಯನ್ನಾಗಲಿ ನೋವನ್ನಾಗಲಿ ತೋರಿಸದೆ ಎಷ್ಟೋ ವರ್ಷ ಯಕೃತ್ತಿನಲ್ಲಿ ಅಡಗಿದ್ದು, ಕೆಲವರಿಗೆ ಕೊನೆಗೆ ಸಿರೋಸಿಸ್ಸನ್ನೋ ಕ್ಯಾನ್ಸರನ್ನೋ ತರುತ್ತದೆ. ಅಷ್ಟರೊಳಗೆ ಮನೆಯವರಿಗೂ ದಾಟಬಹುದು. ತಡೆಯುವ ಲಸಿಕೆ 1981ರಲ್ಲಿಯೇ ಬಂದಿದೆ. ಇರುವ ಸೋಂಕನ್ನು ಹತ್ತಿಕ್ಕುವ ಮಾತ್ರೆಗಳೂ ಇವೆ. ಇವೆಲ್ಲ ಇದ್ದೂ ಅವು ಉಪಯೋಗಕ್ಕೆ ಬರುವುದು ತಿಳಿದವನಿಗೆ ಮಾತ್ರ. ಹೆಂಡತಿ ಮಕ್ಕಳ ಕ್ಷೇಮವನ್ನು ಒತ್ತೆಯಿಟ್ಟು ಪಡೆಯುವ ನೆಮ್ಮದಿ ಸಾಲದ ನೆಮ್ಮದಿ.

ಕಠೋಪನಿಷತ್ತಿನ ವಾಜಶ್ರವಸ ಹಾಲು ಬತ್ತಿದ ಮುದಿ ಹಸುಗಳನ್ನು ದಾನ ಕೊಟ್ಟ. ಅವನಿಗೆ ಅದು ಗೊತ್ತಿತ್ತು. ಮಗ ನಚಿಕೇತ ಕೇಳಿದಾಗ ಸಿಟ್ಟುಗೊಂಡ. ನನ್ನ ಮಿತ್ರರಿಗೆ ಗೊತ್ತಿರಲಿಲ್ಲ. ಗೊತ್ತಾದಾಗ ಪಡೆಯುವವನ ಬಗೆಗೆ ಮರುಗಿದರು. ಅವರ ದಾನ ಆ ಪ್ರಶ್ನೆಯಲ್ಲಿಯೇ ಪೂರ್ತಿಯಾಯಿತೆಂದು ನನಗೆ ತೋರುತ್ತದೆ. ಸದ್ಭಾವ ರಕ್ತವನ್ನು ಶುದ್ಧಮಾಡಲಾರದು. ರಕ್ತದ ದೋಷ ಸದ್ಭಾವವನ್ನು ಕೆಡಿಸಲೂ ಆರದು.

ರೋಗಿಗೆ ಏರಿಸಲಾಗದ ರಕ್ತವೂ ವ್ಯರ್ಥವಲ್ಲ. 1960ರ ದಶಕದಲ್ಲಿ ಬರೂಕ್ ಬ್ಲಂಬರ್ಗ್ ಎಂಬ ವಿಜ್ಞಾನಿ ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಒಂದು ಅಪರಿಚಿತ ವಸ್ತುವನ್ನು ಕಂಡ. ಅದು ಈ ವೈರಸ್ಸಿನದೇ ಕುರುಹೆಂದು ಆಮೇಲೆ ತಿಳಿಯಿತು. ಇಂದಿನ ಪರೀಕ್ಷೆ, ಲಸಿಕೆ ಎರಡಕ್ಕೂ ಅದೇ ಮೂಲ. 1976ರಲ್ಲಿ ಆತನಿಗೆ ನೊಬೆಲ್ ಪ್ರಶಸ್ತಿ ಬಂತು. ನನ್ನ ಮಿತ್ರರ ರಕ್ತವೂ ಅವರ ಮನೆಗೆ ಅಂಥದೇ ಅರಿವನ್ನು ಕೊಟ್ಟಿತು. ಹೆಂಡತಿ ಮಕ್ಕಳಿಗೆ ಪರೀಕ್ಷೆಯಾಯಿತು, ಸೋಂಕಿರಲಿಲ್ಲ, ಲಸಿಕೆಯಾಯಿತು.

ಈ ವರ್ಷದ ಶಿಬಿರದಲ್ಲಿ ಅವರು ರಕ್ತ ಕೊಡುವಂತಿರಲಿಲ್ಲ. ಬಾಗಿಲ ಬಳಿಯ ಮೇಜಿನಲ್ಲಿ ನಮೂನೆಗಳನ್ನು ಹಂಚುತ್ತ ಕುಳಿತಿದ್ದರು. ನನಗೂ ಒಂದನ್ನು ಕೊಟ್ಟು, ಆ ಪ್ರಶ್ನೆಯ ಮೇಲೆ ಬೆರಳಿಟ್ಟು, "ಓದಿ ಗುರುತು ಹಾಕಿ ಸ್ವಾಮಿ" ಎಂದರು.