ಎರಡನೆಯ ಕೀಲಿಕೈ

ಸರಕಾರದ ಯೋಜನೆಯೊಂದನ್ನು ಸಂಶಯಿಸುವವನು ನಾಡಿನ ಏಳಿಗೆಗೆ ಅಡ್ಡ ನಿಂತವನೇ? ಹೌದೆನ್ನುವವರೇ ಹೆಚ್ಚು. ಹಳೆಯದಕ್ಕೆ ಜೋತುಬಿದ್ದವನು, ಪ್ರಗತಿಯ ವಿರೋಧಿ ಎಂಬ ಹಣೆಪಟ್ಟಿ ಅವನಿಗೆ ಬಲು ಬೇಗ ಅಂಟುತ್ತದೆ. ಆದರೆ ಗಡಿನಾಡಿನ ಓದುಗರಿಗೆ ಇದು ಬರಿಯ ತರ್ಕದ ಪ್ರಶ್ನೆಯಲ್ಲ.

ಎಪ್ಪತ್ತರ ದಶಕದ ಕೊನೆಯಿಂದ 2000ದ ವರೆಗೆ ಕಾಸರಗೋಡಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ತೋಟ ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನದು. ಉದ್ದೇಶ ಕೆಟ್ಟದ್ದೆನ್ನುವಂತಿಲ್ಲ: ಚಹಾ ಸೊಳ್ಳೆಯ ಕಾಟ ತಪ್ಪಬೇಕು, ಗೇರುಬೀಜದ ಇಳುವರಿ ಹೆಚ್ಚಬೇಕು. ಆದರೆ ಮದ್ದು ಬಿಟ್ಟವರೂ, ಅದರಿಂದ ಅಪಾಯವಿಲ್ಲವೆಂದವರೂ ಒಂದೇ ಕಡೆಯವರು. 1979ರಲ್ಲಿಯೇ ಶ್ರೀಪಡ್ರೆಯವರು ಅಂಗ ಊನವಾಗಿ ಹುಟ್ಟಿದ ಕರುಗಳ ಕುರಿತು ಬರೆದಿದ್ದರು. ಪಡ್ರೆಯ ವೈದ್ಯ ಡಾ. ವೈ. ಎಸ್. ಮೋಹನಕುಮಾರರು ತಮ್ಮ ರೋಗಿಗಳಲ್ಲಿ ಕಂಡುದನ್ನು ಲೋಕದ ಮುಂದಿಟ್ಟರು. 1998ರಲ್ಲಿ ಕೃಷಿ ಇಲಾಖೆಯ ನೌಕರೆಯೇ ಆಗಿದ್ದ ಲೀಲಾಕುಮಾರಿ ಅಮ್ಮ ಹೊಸದುರ್ಗದ ನ್ಯಾಯಾಲಯದ ಮೆಟ್ಟಿಲೇರಿದರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಮದ್ದನ್ನು ದೇಶದಲ್ಲೆಲ್ಲ ತಡೆಯಿತು; 2017ರಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡುವಂತೆ ಆದೇಶಿಸಿತು. ಸಂಶಯಪಟ್ಟವರ ಮಾತಿಗೆ ಕಿವಿಗೊಡಲು ತಡಮಾಡಿದ ಅಷ್ಟೂ ವರ್ಷಗಳ ಬಡ್ಡಿಯನ್ನು ಮಕ್ಕಳು ತಮ್ಮ ಮೈಯಲ್ಲಿ ತೆತ್ತರು.

ಬ್ಯಾಂಕಿನ ತಿಜೋರಿಗೆ ಎರಡು ಕೀಲಿಕೈಗಳಿರುತ್ತವೆ, ಇಬ್ಬರ ವಶದಲ್ಲಿ. ಒಬ್ಬನಿಂದಲೇ ಬಾಗಿಲು ತೆರೆಯದು. ಇದರರ್ಥ ಅವರಲ್ಲೊಬ್ಬ ಕಳ್ಳನೆಂದಲ್ಲ. ಪ್ರಾಮಾಣಿಕನ ಕಣ್ಣೂ ಒಮ್ಮೊಮ್ಮೆ ತಪ್ಪುತ್ತದೆ ಎಂಬ ತಿಳಿವು ಅಷ್ಟೇ. ಸರಕಾರದ ಯೋಜನೆಗೂ ಇಂಥ ಎರಡನೆಯ ಕೀಲಿಕೈ ಬೇಕು. ಅದು ಯೋಜನೆಯ ಫಲವನ್ನು ಉಣ್ಣಬೇಕಾದವರ ಕೈಯಲ್ಲಿರಬೇಕು.

ನಾನಿರುವ ಫೋಂಡಾ ತಾಲೂಕಿನ ಕೇರಿ ಗ್ರಾಮದ ಜನ ಈ ಕೀಲಿಕೈಯನ್ನು ಹೋರಾಡಿಯೇ ಪಡೆಯಬೇಕಾಯಿತು. ಅಲ್ಲಿನ ಗುಡ್ಡದ ಮೇಲೆ ನೈಲಾನ್ 6,6 ಕಾರ್ಖಾನೆ ಬರುವುದಿತ್ತು. ಕೆಲಸ ಸಿಗುವುದೆಂದು ಸರಕಾರ ಹೇಳಿತು. ಕುಡಿಯುವ ನೀರು ಕೆಟ್ಟರೆ ಗತಿಯೇನೆಂದು ಹಳ್ಳಿ ಕೇಳಿತು. 1995ರ ಜನವರಿಯಲ್ಲಿ ಪೊಲೀಸರ ಗುಂಡಿಗೆ ಒಬ್ಬ ತರುಣ ಬಲಿಯಾದ. ಕಾರ್ಖಾನೆ ಬರಲಿಲ್ಲ. ಒಂದು ಪ್ರಶ್ನೆಗೆ ತೆರಬೇಕಾದ ಬೆಲೆ ಅದಲ್ಲ.

ಒಳ್ಳೆಯ ಕಾನೂನನ್ನೂ ಹೀಗೆಯೇ ಪ್ರಶ್ನಿಸಬೇಕು. ಗೋವೆಯ ಖಾಜನ್ ಗದ್ದೆಗಳು ಕಣ್ಣೂರಿನ ಕೈಪ್ಪಾಡಿನಂತೆ ಉಪ್ಪುನೀರಿನ ಅಂಚಿನವು. ಅವುಗಳ ಕಟ್ಟವನ್ನೂ ತೂಬನ್ನೂ ಶತಮಾನಗಳ ಕಾಲ ಗಾಂವ್ಕಾರಿ ಎಂಬ ಗ್ರಾಮಸಂಘ ಕಾಯುತ್ತಿತ್ತು. 1964ರ ಗೇಣಿ ಕಾಯಿದೆಯೂ 1976ರ ತಿದ್ದುಪಡಿಯೂ ಉಳುವವನ ಪರವಾಗಿದ್ದವು, ಅದು ನ್ಯಾಯವೇ. ಆದರೆ ಕಟ್ಟ ಕಾಯುವ ಹೊಣೆ ಹಳೆಯ ಸಂಘದಿಂದ ಜಾರಿತು. ಹೊಸದಾಗಿ ಅದನ್ನು ಹೊರಬೇಕಾದ ಗೇಣಿದಾರರ ಸಂಘಗಳು ಎಲ್ಲೆಡೆ ಗಟ್ಟಿಯಾಗಿ ನಿಲ್ಲಲಿಲ್ಲ. ಎಷ್ಟೋ ಕಡೆ ಕಟ್ಟ ಒಡೆದು ಗದ್ದೆಗೆ ಉಪ್ಪುನೀರು ನುಗ್ಗಿತು. ಸಮುದ್ರ ಏರುತ್ತಿರುವ ಈ ಕಾಲದಲ್ಲಿ ನಮಗೆ ಬೇಕಾಗಿರುವುದು ಅದೇ ಕಟ್ಟ, ಅದನ್ನು ಕಾಯುತ್ತಿದ್ದ ಅದೇ ಜಾಣತನ.

ಹಾಗೆಂದು ಹಳೆಯದೆಲ್ಲ ಹೊನ್ನಲ್ಲ, ಸಂಶಯವೆಲ್ಲ ವಿವೇಕವೂ ಅಲ್ಲ. ಪೋಲಿಯೊ ಹನಿಯನ್ನು ಶಂಕಿಸಿ ಮಕ್ಕಳನ್ನು ಬಚ್ಚಿಟ್ಟ ತಾಯ್ತಂದೆಯರಿದ್ದರು. ಆದರೂ ಸರಕಾರ ಮನೆಮನೆಗೆ ಹೋಯಿತು, ಒಂದೊಂದು ಪ್ರಕರಣವನ್ನೂ ಎಣಿಸಿತು. 2011ರ ಜನವರಿಯ ಬಳಿಕ ದೇಶದಲ್ಲಿ ಕಾಡು ಪೋಲಿಯೊ ಕಾಣಲಿಲ್ಲ. 2014ರಲ್ಲಿ ಅದಕ್ಕೆ ಪ್ರಮಾಣಪತ್ರವೂ ದೊರೆಯಿತು. ಲೆಕ್ಕ ಸರಿಯಿದ್ದ ಮೇಲೂ ಕೀಲಿಕೈಯನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು ಕೂರುವವನು ಕಾವಲುಗಾರನಲ್ಲ, ಹಟಮಾರಿ. ಅವನ ಹಟಕ್ಕೂ ಬೆಲೆ ತೆರುವುದು ಮಗುವೇ.

ಆದುದರಿಂದ ಸಂಶಯಿಸುವವನಿಗೂ ಒಂದು ಧರ್ಮವಿದೆ. ತಪ್ಪಾದರೆ ನಷ್ಟ ಯಾರಿಗೆ, ಅದನ್ನು ಮತ್ತೆ ಸರಿಪಡಿಸಲು ಸಾಧ್ಯವೇ ಎಂದು ಅವನು ಕೇಳಲಿ. ಉತ್ತರ ಬರುವ ತನಕ ಬಿಡದೆ ಕೇಳಲಿ. ಉತ್ತರ ಬಂದಾಗ, ಅದು ತನಗೆ ಒಗ್ಗದಿದ್ದರೂ, ಓದಿ ನೋಡುವ ಸೌಜನ್ಯ ಅವನಲ್ಲಿರಲಿ.