ಇಂದಿನ ಧಮ್ಮ ಚಿಂತನೆ: ಭೂಕಂಪಕ್ಕೆ ಕಾರಣವಿದೆ, ಉಳಿಯಲು ಮಾರ್ಗವೂ ಇದೆ



ಇಂದು ಸೆಪ್ಟೆಂಬರ್ 30. 1993ರ ಇದೇ ದಿನ, ನಸುಕಿನ 4 ಗಂಟೆಗೆ ಕೆಲವೇ ನಿಮಿಷ ಮುಂಚೆ, ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಸುಮಾರು 10,000 ಜನ ಸತ್ತರು. ಗಡಿಯ ಈಚೆಗಿನ ಬೀದರ್, ಕಲಬುರಗಿ ಜಿಲ್ಲೆಗಳ ಹಿರಿಯರಿಗೆ ಆ ನಡುಕ ಇನ್ನೂ ನೆನಪಿದೆ.

ಇಂಥ ಹೊತ್ತಿನಲ್ಲಿ "ಪಾಪ ಹೆಚ್ಚಾಯಿತು", "ಅವರ ಪೂರ್ವಜನ್ಮದ ಕರ್ಮ" ಎನ್ನುವವರು ಇದ್ದೇ ಇರುತ್ತಾರೆ. 1934ರ ಬಿಹಾರ ಭೂಕಂಪವನ್ನು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದು ಗಾಂಧೀಜಿ ಹೇಳಿದರು. ರವೀಂದ್ರನಾಥ ಟ್ಯಾಗೋರರು ಅದನ್ನು ಒಪ್ಪಲಿಲ್ಲ. ಪ್ರಕೃತಿಯ ಘಟನೆಗೆ ಪ್ರಕೃತಿಯಲ್ಲೇ ಕಾರಣ ಹುಡುಕಬೇಕೆಂದರು. ನಾನೂ ಕೇಳುತ್ತೇನೆ: ಅಸ್ಪೃಶ್ಯತೆ ಆಚರಿಸಿದವರ ಪಾಪಕ್ಕೆ ಅದನ್ನು ಉಂಡವರ ಮಕ್ಕಳೂ ಏಕೆ ಸಾಯಬೇಕು? ಕುಸಿಯುವ ಗೋಡೆ ಒಳಗಿದ್ದವರ ಜಾತಿ ಕೇಳುವುದಿಲ್ಲ.

ಭಗವಾನ್ ಬುದ್ಧರು ತೋರಿದ ದಾರಿ ಬೇರೆ. ದುಃಖವಿದೆ, ಅದಕ್ಕೆ ಕಾರಣವಿದೆ, ಕಾರಣ ನೀಗಿದರೆ ದುಃಖವೂ ನೀಗುತ್ತದೆ, ಅದಕ್ಕೆ ಮಾರ್ಗವಿದೆ. ಕಿಲ್ಲಾರಿಯಲ್ಲಿ ಅಷ್ಟು ಜನ ಸತ್ತದ್ದೇಕೆ? ಮಣ್ಣಿನಲ್ಲಿ ಕೂಡಿಸಿದ ದಪ್ಪ ಕಲ್ಲುಗೋಡೆ, ಮೇಲೆ ಭಾರವಾದ ಮಣ್ಣಿನ ಮಾಳಿಗೆ. ಅದರಡಿ ಮಲಗಿದ್ದ ಜನ. ನೆಲದ ನಡುಕವನ್ನು ನಾವು ತಡೆಯಲಾರೆವು. ಮನೆ ಗಟ್ಟಿ ಮಾಡಿಕೊಳ್ಳಬಹುದು, ಎಚ್ಚರ ಕಲಿಯಬಹುದು.

ನಾನು ತರಗತಿಯಲ್ಲಿ ಮಕ್ಕಳಿಗೆ ಹೇಳಿಕೊಡುವುದನ್ನೇ ಇಲ್ಲಿ ಹೇಳುತ್ತೇನೆ.

🔹 ನಡುಗುವಾಗ: ಗಟ್ಟಿ ಮೇಜಿನಡಿ ಕೂತು ಅದರ ಕಾಲು ಹಿಡಿದುಕೊಳ್ಳಿ. ಮೇಜಿಲ್ಲದಿದ್ದರೆ ಒಳಗೋಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ತಲೆ, ಕುತ್ತಿಗೆಯನ್ನು ಕೈಯಿಂದ ಮುಚ್ಚಿಕೊಳ್ಳಿ. ಕಿಟಕಿ, ಬೀರುಗಳಿಂದ ದೂರವಿರಿ. ಮೆಟ್ಟಿಲು, ಲಿಫ್ಟ್ ಕಡೆ ಓಡಬೇಡಿ. ಹಳೆಯ ಕಲ್ಲು-ಮಣ್ಣಿನ ಮನೆಯಲ್ಲಿ ಬಾಗಿಲ ಹತ್ತಿರವೇ ಇದ್ದರೆ ಬಯಲಿಗೆ ಬನ್ನಿ.

🔹 ಹೊರಗಿದ್ದರೆ: ಗೋಡೆ, ಕರೆಂಟ್ ಕಂಬ, ತಂತಿಗಳಿಂದ ದೂರ ನಿಲ್ಲಿ.

🔹 ನಿಂತ ಮೇಲೆ: ಚಪ್ಪಲಿ ಹಾಕಿಕೊಂಡೇ ನಡೆಯಿರಿ. ಗ್ಯಾಸ್ ವಾಸನೆ ಬಂದರೆ ಕಡ್ಡಿ ಗೀರಬೇಡಿ, ಸ್ವಿಚ್ ಮುಟ್ಟಬೇಡಿ, ಹೊರಗೆ ಬನ್ನಿ. ಮತ್ತೆ ನಡುಗಬಹುದು, ಬಿರುಕು ಬಿಟ್ಟ ಮನೆಯೊಳಗೆ ಸಾಮಾನಿಗಾಗಿ ಹೋಗಬೇಡಿ. ತುರ್ತಿಗೆ 112.

🔹 "ರಾತ್ರಿ 2 ಗಂಟೆಗೆ ಮತ್ತೆ ಭೂಕಂಪ" ಎಂಬ ಸಂದೇಶ ಬಂದರೆ ಫಾರ್ವರ್ಡ್ ಮಾಡಬೇಡಿ. ಭೂಕಂಪದ ಹೊತ್ತನ್ನು ಮೊದಲೇ ಹೇಳುವ ವಿದ್ಯೆ ಯಾರ ಬಳಿಯೂ ಇಲ್ಲ. ಸುಳ್ಳು ಹಬ್ಬಿಸದಿರುವುದೂ ಶೀಲವೇ.

ಇನ್ನೊಂದು ಮಾತು. 2001ರ ಗುಜರಾತ್ ಭೂಕಂಪದ ನಂತರ ಪರಿಹಾರ ಹಂಚುವಾಗ ದಲಿತರಿಗೆ ತಾರತಮ್ಯವಾಯಿತೆಂಬ ವರದಿಗಳು ಬಂದವು. ನೆಲ ಜಾತಿ ನೋಡದಿದ್ದರೂ ಹಂಚುವ ಕೈ ನೋಡೀತು. ಆದ್ದರಿಂದ ಆಧಾರ್, ರೇಷನ್ ಕಾರ್ಡ್, ಮನೆ ಪತ್ರಗಳ ನಕಲನ್ನು ಬೇರೆ ಕಡೆಯೂ ಇಟ್ಟಿರಿ. ನಮ್ಮ ಕೇರಿಯಲ್ಲಿ ನಡೆಯಲಾರದ ಹಿರಿಯರು, ಬಾಣಂತಿಯರು ಯಾವ ಮನೆಯಲ್ಲಿದ್ದಾರೆ, ಅವರನ್ನು ಯಾರು ಕರೆತರಬೇಕು ಎಂದು ಈ ವಾರವೇ ಬರೆದಿಡೋಣ. ಮೈತ್ರಿಯನ್ನು ವಂದನೆಯಲ್ಲಿ ಹೇಳಿ ಮುಗಿಸಿದರೆ ಸಾಲದು, ಬಾಬಾಸಾಹೇಬರು ಕೊಟ್ಟ ಧಮ್ಮ ಹೀಗೆ ಪಕ್ಕದ ಮನೆಯ ಬಾಗಿಲು ತಟ್ಟುವ ಧಮ್ಮ.

ಓದಿದವರು ಓದಲು ಬಾರದ ಹಿರಿಯರಿಗೆ ಓದಿ ಹೇಳಿ.

ಜೈ ಭೀಮ್, ನಮೋ ಬುದ್ಧಾಯ 🙏